ಇಲಿಗಳಿಗೆ ಹಾಕಿದ ಅಂಕ

ಅಣ್ಣನ ಮಗಳ ನಾಲ್ಕು ವರ್ಷದ ಸಂಶೋಧನೆಯನ್ನು ನಾನು ಒಂದೇ ಮಧ್ಯಾಹ್ನದಲ್ಲಿ ತಲೆಕೆಳಗು ಮಾಡಿದೆ. ಅದೂ ಕಾಲ ಮೇಲೆ ಕಾಲು ಹಾಕಿಕೊಂಡು, ಹಾಡು ಗುನುಗುತ್ತಾ.

ಅಂಡಾಶಯ ತಿರುಚಿಕೊಂಡರೆ ಅದಕ್ಕೆ ರಕ್ತ ನಿಂತುಹೋಗುತ್ತದೆ. ತಿರುಚಿದ್ದನ್ನು ಬಿಡಿಸಿದರೆ ರಕ್ತ ಒಮ್ಮೆಲೇ ನುಗ್ಗಿ ಇನ್ನಷ್ಟು ಹಾಳುಮಾಡುತ್ತದೆ. ಬಿಡಿಸುವ ಮುಂಚೆ ಆಂಟಿಆಕ್ಸಿಡೆಂಟ್ ಔಷಧ ಕೊಟ್ಟರೆ ಅಂಡಾಶಯ ಉಳಿದೀತೇ ಎಂದು ಅವಳು ಇಲಿಗಳಲ್ಲಿ ನೋಡುತ್ತಿದ್ದಳು. ಅರ್ಧಕ್ಕೆ ಔಷಧ, ಅರ್ಧಕ್ಕೆ ಬರೀ ಉಪ್ಪುನೀರು. ಅಂಡಾಶಯದ ತೆಳು ಚೂರು ಅಂಟಿಸಿದ ಗಾಜಿನ ಸ್ಲೈಡನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಹಾನಿಗೆ ಅಂಕ ಹಾಕುವುದು ನನ್ನ ಕೆಲಸ. ಯಾವ ಸ್ಲೈಡ್ ಯಾವ ಗುಂಪಿನದೆಂಬ ಗುಟ್ಟು ಅವಳ ಗೈಡ್ ಆಗಿದ್ದ ಪ್ರೊಫೆಸರರ ಕಪಾಟಿನಲ್ಲಿತ್ತು.

ಗುಟ್ಟು ಬಿಚ್ಚಿದರೆ, ಔಷಧ ಕುಡಿದ ಇಲಿಗಳಿಗೇ ಹೆಚ್ಚು ಹಾನಿ! ಹುಡುಗಿಯ ಮುಖ ಬಾಡಿಹೋಯಿತು.

"ಎಲ್ಲಾ ಮಣ್ಣುಪಾಲಾಯ್ತು ಅತ್ತೆ. ಪ್ರಬಂಧ ಬರೆಯೋದೇನೂ ಉಳಿದಿಲ್ಲ."

ನನಗೂ ಸಂಕಟವಾಗಿ ಹಾಳೆ ತೆಗೆದು ನೋಡಿದೆ. ಏಳನೇ ಸ್ಲೈಡಿಗೆ ಮೂರು ಅಂಕ. ಪಕ್ಕದಲ್ಲೇ ನನ್ನ ಅಕ್ಷರ: 'ಅಚ್ಚುಕಟ್ಟಾಗಿದೆ, ರಕ್ತ ಸೋರಿಲ್ಲ.' ಇಲ್ಲಿ ಸೊನ್ನೆ ಎಂದರೆ ಹಾನಿಯಿಲ್ಲ, ಮೂರು ಎಂದರೆ ಪೂರ್ತಿ ಹಾಳು. ಮೂವತ್ತು ವರ್ಷ ವಿದ್ಯಾರ್ಥಿಗಳ ಸ್ಲೈಡುಗಳಿಗೆ ಅಂಕ ಹಾಕಿದ ಕೈ, ಚೆನ್ನಾಗಿದ್ದುದಕ್ಕೆಲ್ಲ ಹೆಚ್ಚು ಅಂಕ ಕೊಟ್ಟುಬಿಟ್ಟಿತ್ತು.

ಹೇಳಿದ್ದೇ ತಡ, ಅವಳು ಕುರ್ಚಿಯಿಂದ ಎಗರಿದಳು. "ಹಾಗಾದ್ರೆ ಮೂರು ಇರೋ ಕಡೆ ಸೊನ್ನೆ ಬರೆದುಬಿಡು!"

"ಉತ್ತರ ನೋಡ್ಕೊಂಡು ಅಂಕ ತಿದ್ದೋದಾ? ನನ್ನ ಕೈಲಾಗಲ್ಲ."

"ನನ್ನ ಅತ್ತೆನೋ, ಶತ್ರುನೋ ನೀನು?"

"ಎರಡೂ ಅಂದ್ಕೋ."

ಪ್ರೊಫೆಸರಿಗೆ ತಪ್ಪು ಒಪ್ಪಿಕೊಂಡೆ. ಅವರು ಸ್ಲೈಡುಗಳಿಗೆ ಹೊಸ ಸಂಖ್ಯೆ ಅಂಟಿಸಿ ಬೇರೆ ವಿಭಾಗದ ಮುಂಗೋಪಿ ಡಾಕ್ಟರಿಗೆ ಕಳಿಸಿದರು. ಎರಡು ವಾರ ಹುಡುಗಿ ನನ್ನ ಜೊತೆ ಮಾತು ಬಿಟ್ಟಳು. ಟೀಗೆ ಕರೆದರೂ ಬರಲಿಲ್ಲ. ನನಗೋ ಒಳಗೊಳಗೇ ಪುಕುಪುಕು. ಅಂಕದಂತೆ ನನ್ನ ಕಣ್ಣೂ ಕೈಕೊಟ್ಟಿದ್ದರೆ?

ಫಲಿತಾಂಶ ಬಂತು. ಉಪ್ಪುನೀರಿನವಕ್ಕೆ ಹೆಚ್ಚಾಗಿ ಎರಡು, ಮೂರು. ಔಷಧದವಕ್ಕೆ ಬಹುತೇಕ ಸೊನ್ನೆ, ಒಂದು. ಮುಂಗೋಪಿ ಡಾಕ್ಟರು ಕೊನೆಗೆ 'ಚೆನ್ನಾದ ಸ್ಲೈಡುಗಳು' ಎಂದೂ ಬರೆದಿದ್ದರಂತೆ. ಅವರ ಕೈಯಿಂದ ಇಂಥ ಮಾತು ಬಂದದ್ದು ಅದೇ ಮೊದಲು.

ಹುಡುಗಿ ಓಡಿಬಂದು ನನ್ನನ್ನು ತಬ್ಬಿಕೊಂಡಳು. ಆಮೇಲೆ ನನ್ನ ತಪ್ಪು ಹಾಳೆಯನ್ನೇ ತಿರುವಿ, ಕೆಂಪು ಪೆನ್ನಿನಲ್ಲಿ ಏನೋ ಬರೆದು ಮೇಜಿಗೆ ಅಂಟಿಸಿದಳು.

"ಇದು ನಿನ್ನ ಅಂಕ, ಅತ್ತೆ. ಇಲಿಗಳ ಲೆಕ್ಕದಲ್ಲಿ."

ತಟ್ಟೆಯಷ್ಟು ದೊಡ್ಡ ಸೊನ್ನೆ. ಹುಟ್ಟಿದ ಮೇಲೆ ಮೊದಲ ಸಲ ಸೊನ್ನೆ ತೆಗೆದುಕೊಂಡೆ, ಕನ್ನಡಕ ಒರೆಸಿಕೊಳ್ಳಬೇಕಾಯಿತು.