ಬೀಗರು ಕೂತ ಸೈಕಲ್ಲು

ಕೂತಾಗ ಹರಿಯುವ ಬಟ್ಟೆ, ಕೂತಾಗ ಮುರಿಯುವ ಕುರ್ಚಿ, ಕೂತಾಗ ಕೆಡುವ ಸಂಬಂಧ, ಈ ಮೂರೂ ನಿಂತಿರುವಷ್ಟು ಹೊತ್ತು ಚೆನ್ನಾಗಿಯೇ ಇರುತ್ತವೆ. ದರ್ಜಿಗೆ ಈ ಜ್ಞಾನ ಬಂದದ್ದು ಮಗನ ಮದುವೆಯ ದಿನ.

ಬೀಗರಿಗೆ, ಅಂದರೆ ಸೊಸೆಯ ಅಪ್ಪನಿಗೆ, ದರ್ಜಿ ತಾನೇ ಕೈಯಾರೆ ಕೋಟು ಹೊಲಿದುಕೊಟ್ಟಿದ್ದ. ನಿಂತಿದ್ದಾಗ ಬೀಗರು ದೊರೆಯ ಹಾಗೆ ಕಂಡರು. ಫೋಟೋಕ್ಕೆಂದು ಮುಂದಿನ ಸಾಲಿನಲ್ಲಿ ಕೂತರು ನೋಡಿ, ಬೆನ್ನಿನ ಹೊಲಿಗೆ ಕುತ್ತಿಗೆಯಿಂದ ಸೊಂಟದವರೆಗೆ ಪರ್ರನೆ ಬಾಯಿಬಿಟ್ಟಿತು. ಇವತ್ತಿಗೂ ಆ ಫೋಟೋದಲ್ಲಿ ಮದುಮಕ್ಕಳನ್ನು ನೋಡುತ್ತಿರುವವರು ಯಾರೂ ಇಲ್ಲ. ಎಲ್ಲರ ಕಣ್ಣೂ ಬೀಗರ ಬೆನ್ನಿನ ಮೇಲೆ.

"ಹೊಲಿಯೋಕೆ ಬರಲ್ಲ ಅಂದ್ರೆ ಮೊದಲೇ ಹೇಳಬೇಕಿತ್ತು" ಎಂದರು ಬೀಗರು.

"ಅಳತೆ ಕೊಟ್ಟೋರು ನೀವೇ ಅಲ್ವಾ?" ಎಂದ ದರ್ಜಿ.

ಅಳತೆಯನ್ನು ಬೀಗರು ಫೋನಿನಲ್ಲಿ ಹೇಳಿದ್ದರು. ಅದು ಅವರ ಸ್ವಂತ ಮದುವೆಯ ಕಾಲದ ಅಳತೆ ಎಂಬ ಗುಮಾನಿ ದರ್ಜಿಗೆ. ಮಾತಿಗೆ ಮಾತು ಬೆಳೆಯಿತು. ಅಂದಿನಿಂದ ಬೀಗರು ಆ ಮನೆಯ ಹೊಸಿಲು ತುಳಿಯಲಿಲ್ಲ. ಮಗಳನ್ನು ನೋಡಬೇಕೆನಿಸಿದರೆ ರಸ್ತೆಯ ತಿರುವಿನಲ್ಲಿ ನಿಂತು ಫೋನು ಮಾಡುತ್ತಿದ್ದರು. ಸೊಸೆ ಹೋಗಿ ಮಾತಾಡಿಸಿ ಬಂದು, ಮುಖ ತೊಳೆಯುವ ನೆಪದಲ್ಲಿ ಬಚ್ಚಲಿನ ನಲ್ಲಿಯನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಬಿಡುತ್ತಿದ್ದಳು. ಆ ನಲ್ಲಿಯ ಸದ್ದು ದರ್ಜಿಗೆ ಉಗುರಿನ ಸಂದಿಗೆ ಸೂಜಿ ಹೊಕ್ಕ ಹಾಗಾಗುತ್ತಿತ್ತು.

ಇವತ್ತು ಆ ಬೀಗರೇ ಮನೆಯ ಮುಂಭಾಗದ ಅಂಗಡಿಗೆ ಬರುವವರಿದ್ದರು. ಅದಕ್ಕೆ ಕಾರಣ ಒಂದು ಸೈಕಲ್ಲು.

ಸೊಸೆ ಆಸ್ಪತ್ರೆಯಲ್ಲಿ ನರ್ಸು. ರಜೆ ಸಿಕ್ಕರೆ ಗುಡ್ಡ ಹತ್ತಿ ಇಳಿಯುವ ಸೈಕಲ್ ಸವಾರಿ ಅವಳ ಹುಚ್ಚು. ಹೊಸದು ಕೊಂಡಮೇಲೆ ಹಳೆಯದನ್ನು ಅಪ್ಪನಿಗೆ ಕೊಡುತ್ತೇನೆಂದಳು. ಹೊಟ್ಟೆ ಇಳಿಸಬೇಕೆಂದು ಡಾಕ್ಟರು ಅವರಿಗೆ ಹೇಳಿದ್ದರಂತೆ. ನಾಳೆ ಬೆಳಿಗ್ಗೆ ಅಪ್ಪ ಮಗಳು ಗುಡ್ಡಕ್ಕೆ ಹೋಗುವುದು ನಿಶ್ಚಯವಾಗಿತ್ತು. ಅಷ್ಟರಲ್ಲಿ ಅವಳಿಗೆ ಆಸ್ಪತ್ರೆಯಿಂದ ಡ್ಯೂಟಿಗೆ ಕರೆ ಬಂತು.

"ಮಾವ, ಸೀಟಿನ ಕೆಳಗಿನ ಗಾಳಿ ನೀವೇ ತುಂಬಿಬಿಡಿ. ನಾನು ಮಾಡೋದು ನೋಡಿದ್ದೀರಲ್ಲ. ಅಪ್ಪನ್ನ ಕೂರಿಸಿ ಅಳೆಯೋದು, ಅಷ್ಟೇ."

"ಕೂರಿಸಬೇಕಾ?" ದರ್ಜಿಗೆ ಬಾಯಿಬಿಟ್ಟ ಕೋಟು ನೆನಪಾಯಿತು.

ಆ ಸೈಕಲ್ಲಿನ ಸೀಟಿನ ಕೆಳಗೆ ಲಟ್ಟಣಿಗೆಯಷ್ಟು ದಪ್ಪದ ಕೊಳವೆ. ಅದರೊಳಗೆ ಸ್ಪ್ರಿಂಗ್ ಇಲ್ಲ, ಬರಿಯ ಗಾಳಿ. ಮನುಷ್ಯ ಕೂತರೆ ನುಣ್ಣನೆಯ ಸರಳೊಂದು ಆ ಗಾಳಿಯನ್ನು ಒತ್ತುತ್ತ ಒಳಗೆ ಜಾರುತ್ತದೆ, ಎದ್ದರೆ ಹೊರಗೆ ಬರುತ್ತದೆ. ಹಳ್ಳ ಬಂದಾಗ ಪೆಟ್ಟು ನುಂಗುವುದೂ ಅದೇ. ಈ ಭಾಗಗಳ ಇಂಗ್ಲಿಷ್ ಹೆಸರು ನಾಲಿಗೆಗೆ ಹತ್ತದೆ ದರ್ಜಿ ತನ್ನದೇ ಹೆಸರಿಟ್ಟಿದ್ದ. ಸರಳು ಎಷ್ಟು ಒಳಗೆ ಹೋಯಿತೆಂದು ತೋರಿಸಲು ಅದರ ಮೇಲೆ ಕೂತ ರಬ್ಬರು ಬಳೆ 'ಉಂಗುರ'. ಗಾಳಿ ತುಂಬುವ ಗೇಣುದ್ದದ ಪಂಪು 'ಪುಟಾಣಿ'. ಏರು ಹತ್ತುವಾಗ ಸರಳು ಅಲುಗಾಡದಂತೆ ಬಿಗಿಹಿಡಿಯುವ ನೀಲಿ ಕೀಲು 'ಬೀಗ'. ಸೊಸೆಗೂ ಆ ಹೆಸರುಗಳೇ ರೂಢಿಯಾಗಿದ್ದವು.

ಬೀಗರು ಬಂದರು. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಸವಾರಿಗೆ ಹೋಗುವ ಪೂರ್ತಿ ವೇಷದಲ್ಲೇ ಬಾ ಎಂದು ಮಗಳು ಹೇಳಿದ್ದರಿಂದ ಶೂ, ಬೆನ್ನಿಗೆ ನೀರಿನ ಚೀಲ, ತಲೆಗೆ ಹೆಲ್ಮೆಟ್ಟು ಎಲ್ಲ ಇತ್ತು. ಹೆಲ್ಮೆಟ್ಟು ಜಗಳಕ್ಕೂ ಆದೀತೆಂಬ ಹಾಗೆ ಬಿಗಿದುಕೊಂಡಿದ್ದರು.

"ಮಗಳು ಹೇಳಿದ್ಲು ಅಂತ ಬಂದೆ."

"ಸೊಸೆ ಹೇಳಿದ್ಲು ಅಂತ ಬಾಗಿಲು ತೆಗೆದಿದ್ದೀನಿ. ಬನ್ನಿ."

ಒಳಗಿನಿಂದ ದರ್ಜಿಯ ಹೆಂಡತಿಯ ದನಿ ಬಂತು. "ರೀ, ಈ ಸಲ ಅವರನ್ನ ಕೂರಿಸೋ ಮುಂಚೆ ಎರಡು ಸಲ ನೋಡಿ!"

ದರ್ಜಿ ಕೇಳಿಸದವನ ಹಾಗೆ ಪುಟಾಣಿಯನ್ನು ಕೈಗೆತ್ತಿಕೊಂಡ. "ನಿಮ್ಮ ತೂಕ ಎಷ್ಟು ಬೀಗರೇ?"

"ಹೆಣ್ಣು ಕೊಟ್ಟಾಯ್ತಲ್ಲ, ಇನ್ನು ತೂಕ ನೋಡೋದೇನು?"

"ನನಗಲ್ಲ, ಗಾಳಿಗೆ. ತೂಕಕ್ಕೆ ತಕ್ಕಷ್ಟು ತುಂಬಬೇಕಂತೆ."

ಬೀಗರು ಫ್ಯಾನು ನೋಡಿದರು. "ಎಪ್ಪತ್ತು."

ದರ್ಜಿಯ ಕಣ್ಣು ಟೇಪಿಲ್ಲದೆಯೇ ಅಳೆಯುವ ಕಣ್ಣು. ಅದು ಬೇರೆಯೇ ಲೆಕ್ಕ ಹೇಳುತ್ತಿತ್ತು. "ಎಪ್ಪತ್ತಾ?"

"ಎಪ್ಪತ್ತು. ಶೂ ಸೇರಿ."

ಸರಿ, ಎಪ್ಪತ್ತಕ್ಕೆ ತಕ್ಕಷ್ಟು ಗಾಳಿ ಹೊಡೆದದ್ದಾಯಿತು. ಪುಟಾಣಿಯ ನಳಿಕೆ ಬಿಚ್ಚಿದರೆ ಸ್ಸ್‌ಸ್ ಎಂದಿತು.

"ಹೋಯ್ತು! ಗಾಳಿ ಹೋಯ್ತು! ಟೈರಿನ ಸದ್ದು ಕೇಳಿ ಕೇಳಿ ಮುದುಕ ಆದೋನು ನಾನು."

ಮತ್ತೆ ನಳಿಕೆ ಸಿಕ್ಕಿಸಿ ನೋಡಿದರೆ ಪುಟಾಣಿಯ ಮೀಟರಿನ ಮುಳ್ಳು ನಿಜಕ್ಕೂ ಕೆಳಗಿಳಿದಿತ್ತು. ಮತ್ತೆ ಹೊಡೆದರು, ಮತ್ತೆ ಬಿಚ್ಚಿದರು, ಮತ್ತೆ ಸ್ಸ್‌ಸ್. ಕೊನೆಗೆ ದರ್ಜಿ ನೆಲದ ಮೇಲೆ ಕೂತು ಯೋಚಿಸಿದ.

"ಬೀಗರೇ, ನಾವು ನೋಡೋಕೆ ಹೋದಾಗಲೆಲ್ಲ ಈ ಪುಟಾಣಿ ತನ್ನ ಹೊಟ್ಟೆಗೆ ಇಷ್ಟು ಗಾಳಿ ಎಳ್ಕೊಳ್ಳುತ್ತೆ. ಬಿಚ್ಚಿದಾಗ ಬರೋ ಸದ್ದು ಅದರ ಹೊಟ್ಟೇದೇ."

"ಹೊಟ್ಟೆ ವಿಷಯ ಬೇಡ" ಎಂದರು ಬೀಗರು.

ಉಂಗುರವನ್ನು ಸರಳಿನ ಬುಡಕ್ಕೆ ತಳ್ಳಿದ್ದಾಯಿತು. ಬೀಗರು ಗೋಡೆ ಹಿಡಿದು ಸೈಕಲ್ ಹತ್ತಿದರು. ದರ್ಜಿ ಕಣ್ಣು ಮುಚ್ಚಿ, 'ಭಗವಂತ, ಇದೊಂದು ಹೊಲಿಗೆ ಕಾಯಪ್ಪ' ಎಂದು ಮನಸ್ಸಿನಲ್ಲೇ ಕೈಮುಗಿದ. ಯಾವ ಸದ್ದೂ ಬರಲಿಲ್ಲ. ಕಣ್ಣು ಬಿಟ್ಟರೆ ಉಂಗುರ ಇಟ್ಟಲ್ಲೇ ಇತ್ತು. ನಾಲ್ಕರಲ್ಲೊಂದು ಪಾಲು ಸರಳು ಒಳಗೆ ಹೋಗಬೇಕೆಂದು ಸೊಸೆ ಹೇಳಿದ್ದಳು. ಇಲ್ಲಿ ಕೂದಲೆಳೆಯಷ್ಟೂ ಇಲ್ಲ.

"ಎಷ್ಟು ಇಳೀತು?"

"ಇಳಿದೇ ಇಲ್ಲ."

ಬೀಗರ ಮುಖ ಅರಳಿತು. "ಹಾಗಾದ್ರೆ ಎಪ್ಪತ್ತು ಅಂದಿದ್ದು ಜಾಸ್ತಿ ಆಯ್ತೇನೋ. ಅರವತ್ತೈದಿರಬೇಕು."

ಗಾಳಿ ಬಿಟ್ಟು ಕೂರಿಸಿದರು. ಉಂಗುರ ಅಲ್ಲೇ. "ಅರವತ್ತು!" ಎಂದರು ಬೀಗರು. ಇನ್ನಷ್ಟು ಬಿಟ್ಟರು. ಅಲ್ಲೇ. ಐವತ್ತೈದು. ಇದೇ ರೀತಿ ಹೋದರೆ ಸಂಜೆಯೊಳಗೆ ಬೀಗರನ್ನು ತೊಟ್ಟಿಲಿಗೆ ಹಾಕಬೇಕಾಗಿತ್ತು.

ಅವರು ಸೈಕಲ್ ಮೇಲಿಂದಲೇ ಎದೆ ಸೆಟೆಸಿ ಕೇಳಿದರು. "ಈಗ ಹೇಳಿ. ಹೂವಿನಂಥ ಮನುಷ್ಯ ಕೂತು ಕೋಟು ಹರೀತು ಅಂದ್ರೆ ತಪ್ಪು ಮನುಷ್ಯಂದಾ, ದಾರದ್ದಾ?"

ದರ್ಜಿಯ ನಾಲಿಗೆಯ ತುದಿಗೆ ಉತ್ತರ ಬಂದಿತ್ತು. ಬಚ್ಚಲಿನ ನಲ್ಲಿ ನೆನಪಾಗಿ ಅದನ್ನು ನುಂಗಿಕೊಂಡು ಸೊಸೆಗೆ ಫೋನು ಹಚ್ಚಿದ.

"ಸ್ಪೀಕರ್‌ಗೆ ಹಾಕಿ, ನಾನೂ ಕೇಳಬೇಕು" ಎಂದರು ಬೀಗರು.

"ಅಮ್ಮಾ, ಇದು ಕೂರ್ತಾನೇ ಇಲ್ವಲ್ಲ."

ಆಚೆ ಕಡೆ ಆಸ್ಪತ್ರೆಯ ಗದ್ದಲ. "ಮಾವ, ಬೀಗ ಇದ್ಯಾ ಅಲ್ಲಿ?"

"ಇದ್ದಾರಮ್ಮ."

"ಅಯ್ಯೋ, ಬೀಗ ಇರೋವರೆಗೂ ಕೆಲಸ ಆಗಲ್ಲ ಮಾವ! ಮೊದಲು ಬೀಗ ತೆಗೀರಿ. ಬಗ್ಗದೇ ಇದ್ರೆ ಹೆಬ್ಬೆರಳಲ್ಲಿ ಗಟ್ಟಿಯಾಗಿ ನೂಕಿ. ಇಲ್ಲಿ ಕರೀತಿದ್ದಾರೆ, ಇಡ್ತೀನಿ."

ಫೋನು ಕಟ್ಟಾಯಿತು.

"ಬೀಗ" ಎಂದರು ಬೀಗರು ಮೆಲ್ಲಗೆ. "ಬೀಗರು ಅಂತಲೂ ಅಲ್ಲ. ಏಕವಚನ. ಹೆತ್ತ ಮಗಳು! ತೆಗೀಬೇಕಂತೆ. ಬಗ್ಗದೇ ಇದ್ರೆ ನೂಕಬೇಕಂತೆ. ಅದೂ ಹೆಬ್ಬೆರಳಲ್ಲಿ." ಅವರು ಹ್ಯಾಂಡಲನ್ನು ಬಿಗಿಯಾಗಿ ಹಿಡಿದುಕೊಂಡರು. "ನೂಕಿ, ನೋಡೇಬಿಡೋಣ! ನಾನಂತೂ ಇಳಿಯಲ್ಲ."

ದರ್ಜಿಯ ತಲೆಯೊಳಗೆ ದೀಪ ಹತ್ತಿತು.

"ಅಯ್ಯೋ, ಬೀಗ ಅಂದ್ರೆ ನೀವಲ್ಲ ಬೀಗರೇ!"

"ಮತ್ಯಾರು? ನಿಮಗೆ ಇನ್ನೊಬ್ಬ ಬೀಗ ಇದ್ದಾನಾ?"

"ಇದ್ದಾನೆ! ನಿಮ್ಮ ಕೆಳಗೇ ಇದ್ದಾನೆ!" ಎನ್ನುತ್ತ ದರ್ಜಿ ಬಗ್ಗಿ ನೀಲಿ ಕೀಲನ್ನು ಹೆಬ್ಬೆರಳಲ್ಲಿ ನೂಕಿಯೇಬಿಟ್ಟ.

ಉಸ್ಸ್ ಎಂದಿತು. ಕೆರೆಯಲ್ಲಿ ಎಮ್ಮೆ ಕೂರುವ ಹಾಗೆ ಸೈಕಲ್ಲಿನ ಹಿಂಭಾಗ ಬೀಗರ ಸಮೇತ ಮೆತ್ತಗೆ ಕೆಳಗಿಳಿಯಿತು, ಇಳಿಯುತ್ತಲೇ ಹೋಗಿ ತಳ ಮುಟ್ಟಿ ಟಕ್ಕೆಂದಿತು. ಬೀಗರ ಎರಡೂ ಕೈ ಪ್ಯಾಂಟಿನ ಹಿಂದಕ್ಕೆ ಹೋದವು.

"ಹರೀತಾ?"

"ಏನೂ ಹರಿದಿಲ್ಲ. ಕೂತಿತು, ಅಷ್ಟೇ."

ಬೀಗರು ಇಳಿದರು. ಸೈಕಲ್ಲು ಎದ್ದು ನಿಂತಿತು. ಉಂಗುರ ಮಾತ್ರ ಸರಳಿನ ಕಟ್ಟಕಡೆಯಲ್ಲಿತ್ತು. ಇಬ್ಬರೂ ಅದನ್ನು ನೋಡಿದರು. ಹೂವಿನ ಮಾತು, ಐವತ್ತೈದರ ಮಾತು ಎಲ್ಲದರ ವಿರುದ್ಧ ಅದು ಸಾಕ್ಷಿ ಹೇಳುತ್ತಿತ್ತು.

ಈಗ ಒಂದೇ ಒಂದು ಮಾತು ಸಾಕಾಗಿತ್ತು. ಮದುವೆಯ ದಿನದ ಬಾಕಿಯೆಲ್ಲ ತೀರುತ್ತಿತ್ತು. ಆದರೆ ದರ್ಜಿಗೆ ಯಾಕೋ ತನ್ನ ಕಸುಬೇ ಕಣ್ಣೆದುರು ಬಂತು. ಎಂಥ ಗಟ್ಟಿ ಬಟ್ಟೆಯಾದರೂ ಮೈಗೆ ಅಂಟಿಸಿ ಹೊಲಿದರೆ ಹರಿಯುತ್ತದೆ. ಕೂರುವುದಕ್ಕೆಂದು ಎರಡು ಬೆರಳು ಸಡಿಲ ಬಿಟ್ಟರೆ ಹಳೆಯ ಬಟ್ಟೆಯೂ ಬಾಳುತ್ತದೆ. ದೇವರೂ ಅಷ್ಟೇ, ಬೆನ್ನುಮೂಳೆಯನ್ನು ಒಂದೇ ಕೋಲಾಗಿ ಮಾಡದೆ ಮಣಿ ಮಣಿಯಾಗಿ ಪೋಣಿಸಿದ್ದಾನೆ. ನಡುವೆ ಸ್ವಲ್ಪ ಸಡಿಲ ಇರಲಿ ಎಂದು.

ಅವನು ಪುಟಾಣಿಯ ನಳಿಕೆ ಸಿಕ್ಕಿಸುತ್ತ, ಮುಖ ಎತ್ತದೆ ಕೇಳಿದ. "ಈ ನೀರಿನ ಚೀಲ ಬಲು ಭಾರ ಬೀಗರೇ. ಅದನ್ನ ನಾವು ಲೆಕ್ಕಕ್ಕೇ ಹಿಡೀಲಿಲ್ಲ. ಎಲ್ಲಾ ಸೇರಿದ್ರೆ ಎಷ್ಟಾದೀತು?"

ಬೀಗರು ಬಾಗಿಲ ಕಡೆ ನೋಡಿದರು, ಒಳಮನೆಯ ಕಡೆ ನೋಡಿದರು. ಆಮೇಲೆ ಬಗ್ಗಿ ದರ್ಜಿಯ ಕಿವಿಯಲ್ಲಿ ಹೇಳಿದರು.

"ತೊಂಬತ್ತೆರಡು." ನೆಟ್ಟಗೆ ನಿಂತು ಸೇರಿಸಿದರು, "ನೀರು ತುಂಬಾ ಭಾರ."

"ಅದೇ ಮತ್ತೆ" ಎಂದ ದರ್ಜಿ. ನಗು ಬಂದರೂ ಮೀಸೆಯೊಳಗೇ ಅಡಗಿಸಿದ.

ಗಾಳಿ ತುಂಬಿದರು. ಸೀಟನ್ನು ನಾಲ್ಕಾರು ಸಲ ಒತ್ತಿ ಬಿಟ್ಟರು. ಉಂಗುರ ಬುಡಕ್ಕೆ ತಳ್ಳಿ ಬೀಗರು ಮೆಲ್ಲಗೆ ಹತ್ತಿ, ಮೆಲ್ಲಗೆ ಇಳಿದರು. ದರ್ಜಿ ಕೊರಳಿನ ಟೇಪು ತೆಗೆದು ಹಿಡಿದ. ನಾಲ್ಕರಲ್ಲೊಂದು ಪಾಲು, ಕತ್ತರಿಸಿಟ್ಟ ಹಾಗೆ.

"ಕೂರೋಕೆ ಇಷ್ಟು ಬಿಡಬೇಕು, ನೋಡಿ."

ಬೀಗರು ಇನ್ನೊಮ್ಮೆ ಸೈಕಲ್ ಹತ್ತಿ, ಒಂದೆರಡು ಸಲ ಮೇಲೆ ಕೆಳಗೆ ಆಡಿ ನೋಡಿದರು. ಮುಖದಲ್ಲಿ ಮಗುವಿನ ಸಂತೋಷ. ಆಮೇಲೆ ಗಂಭೀರವಾಗಿ ಕೇಳಿದರು. "ಕೋಟಿಗೂ ಹೀಗೇ ಬಿಡ್ತಾರಾ?"

"ಬಿಡ್ತಾರೆ. ಕೂತು ಅಳತೆ ಕೊಟ್ಟರೆ."

"ಈಗ ಕೂತೇ ಇದ್ದೀನಲ್ಲ" ಎಂದು ಬೀಗರು ಗೋಡೆಗೆ ಭುಜ ಒರಗಿಸಿ ಎರಡೂ ತೋಳು ಎತ್ತಿದರು. "ತಗೊಳ್ಳಿ. ಈ ಸಲ ಫೋನಿನಲ್ಲಿ ಬೇಡ."

ಆಸ್ಪತ್ರೆಯಿಂದ ಮರಳಿದ ಸೊಸೆ ಬಾಗಿಲಿಗೆ ಬಂದಾಗ ಅಪ್ಪ ಹೆಲ್ಮೆಟ್ಟು ಹಾಕಿಕೊಂಡು, ಸೈಕಲ್ಲಿನ ಮೇಲೆ ಹದ್ದಿನ ಹಾಗೆ ತೋಳು ಚಾಚಿ ಕೂತಿದ್ದರು. ಮಾವ ಅವರ ಹೊಟ್ಟೆಯ ಸುತ್ತ ಟೇಪು ಸುತ್ತಿ, ಎರಡು ತುದಿಯನ್ನೂ ಸೇರಿಸಲು ತಪಸ್ಸು ಮಾಡುತ್ತಿದ್ದರು.

ಅವಳು ಹೊಸಿಲಲ್ಲೇ ನಿಂತು ಕೇಳಿದಳು. "ಮಾವ... ಬೀಗ ತೆಗೆದ್ರಾ?"

"ನೂಕಿ ನೋಡಿದರಮ್ಮ" ಎಂದರು ಬೀಗರು. "ನಾನೇ ಇಳೀಲಿಲ್ಲ."

ಸೊಸೆ ತುಟಿ ಕಚ್ಚಿಕೊಂಡು, ಮುಖ ತೊಳೆದು ಬರ್ತೀನಿ ಎಂದು ಒಳಗೆ ಓಡಿದಳು. ದರ್ಜಿ ಟೇಪು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಕಿವಿಗೊಟ್ಟ. ನಲ್ಲಿ ತಿರುಗಿದ ಸದ್ದು ಬಂತು. ಕೂಡಲೇ ನಿಂತಿತು. ಅತ್ತೆ ಸೊಸೆ ಒಟ್ಟಿಗೆ ನಗುವ ಸದ್ದು ಕೇಳಿಸಿತು.

"ಉಸಿರು ಬಿಡಿ ಬೀಗರೇ" ಎಂದ ದರ್ಜಿ. "ಹೊಟ್ಟೆ ಎಳ್ಕೊಂಡು ಅಳತೆ ಕೊಟ್ಟರೆ ನಾನು ಬರ್ಕೊಳ್ಳಲ್ಲ."