ಮೈ ತೊಳೆದ ನೀರು

"ಬಾಯಿ ಬಿಡೇ ಮುದುಕಿ. ಇನ್ನೂ ಅಗಲ ಬಿಡು. ಒಳಗೇನು ಬಂಗಾರ ಬಚ್ಚಿಟ್ಟಿದೀಯಾ?"

ಮಾಲೀಕ ಮೂಗು ಮುಂದೆ ಮಾಡಿ ನಮ್ಮ ಅತ್ತೆಯ ಬಾಯೊಳಗೆ ಇಣುಕುತ್ತಿದ್ದ. ಅತ್ತೆ ಅವನ ಕಣ್ಣಲ್ಲಿ ಕಣ್ಣಿಟ್ಟು, ಎದೆ ತುಂಬಾ ಉಸಿರೆಳೆದು, 'ಹಾ' ಎಂದು ಬಿಟ್ಟಳು. ಅವನು ಚೇಳು ಕುಟುಕಿದವನಂತೆ ಹಿಂದಕ್ಕೆ ನೆಗೆದು ಮೇಸ್ತ್ರಿಯ ಕಾಲು ತುಳಿದ.

"ಬೆಳ್ಳುಳ್ಳಿ! ಮತ್ತೆ ತಿಂದಿದಾಳೆ ಮುಂಡೇದು!"

"ತಿಂದೆ. ಹಸೀದೇ ತಿಂದೆ," ಎಂದಳು ಅತ್ತೆ. "ತಿನ್ನದಿದ್ರೆ ನನ್ ಮಂಡಿ ಏಳಲ್ಲ. ಮಂಡಿ ಏಳದಿದ್ರೆ ನಿನ್ ಗೆಡ್ಡೆ ಯಾರು ಹೆಚ್ತಾರೆ, ನಿಮ್ಮಪ್ಪನಾ?"

"ಇನ್ನೊಂದ್ಸಲ ವಾಸನೆ ಬಂದ್ರೆ ಗೇಟಿಂದಾಚೆ ನೀನು. ನಿನ್ ಸೊಸೇನೂ ಸೇರಿ."

ಆ ಸೊಸೆ ನಾನು. ನನ್ನ ಗಂಡ ಕೆಲಸ ಹುಡುಕಿಕೊಂಡು ಹೋದವನು ಇನ್ನೂ ಹುಡುಕುತ್ತಲೇ ಇದ್ದಾನೆ. ಮನೆಯಲ್ಲಿ ದುಡಿಯುವವರು ನಾವಿಬ್ಬರೇ, ತಿನ್ನುವ ಬಾಯಿಗಳು ಮಾತ್ರ ಬೇಕಾದಷ್ಟು. ಗೇಟಿನಾಚೆ ಹಾಕಿದರೆ ಅಂದಿನಿಂದಲೇ ಒಲೆ ತಣ್ಣಗಾಗುತ್ತದೆ.

ನಮ್ಮದು ಕಚೋರದ ಶೆಡ್ಡು. ಕಚೋರವೆಂದರೆ ಶುಂಠಿಯ ದಾಯಾದಿ. ನೋಡಿದರೆ ಅದೇ ಗಂಟುಗಂಟು, ಮೂಸಿದರೆ ಕರ್ಪೂರ. ಔಷಧಿಯವರು ಕೆಮ್ಮಿಗೆಂದು ಕೊಳ್ಳುತ್ತಾರೆ, ಅತ್ತರಿನವರು ಉಳ್ಳವರ ಕಂಕುಳಿಗೆಂದು ಕೊಳ್ಳುತ್ತಾರೆ. ನಾವು ಅದರ ಮಣ್ಣು ತೊಳೆದು, ನಾರು ಕೆರೆದು, ಬಿಲ್ಲೆಬಿಲ್ಲೆಯಾಗಿ ಹೆಚ್ಚಿ ಒಣಗಿಸಿ ಒರಳಲ್ಲಿ ಕುಟ್ಟುತ್ತೇವೆ. ಕುಟ್ಟುವಾಗ ಏಳುವ ಧೂಳು ಬೆವರಿಗೆ ಅಂಟಿ, ಸಂಜೆಯ ಹೊತ್ತಿಗೆ ಎಲ್ಲರೂ ಬೂದಿಯಲ್ಲಿ ಹೊರಳಿದ ಬೆಕ್ಕುಗಳಾಗಿರುತ್ತೇವೆ.

ಆ ಧೂಳನ್ನು ನಾವು ಕದ್ದೊಯ್ಯುತ್ತಿದ್ದೇವೆ ಎಂದು ಮಾಲೀಕನಿಗೆ ಒಂದು ಸಂಜೆ ಹೊಳೆಯಿತು. "ನನ್ ಮಾಲು ನಿಮ್ ಮೈಮೇಲೆ ಕೂತ್ಕೊಂಡು ಪುಕ್ಕಟೆ ಮನೆಗೆ ಹೋಗ್ತಿದೆ!" ಎಂದು ಎದೆ ಬಡಿದುಕೊಂಡ. ವಾರದೊಳಗೆ ಗೇಟಿನ ಪಕ್ಕ ಸಿಮೆಂಟಿನ ತೊಟ್ಟಿ ಎದ್ದಿತು. ಸೈರನ್ ಆದ ಮೇಲೆ, ಕೂಲಿಯಿಲ್ಲದ ನಮ್ಮ ಹೊತ್ತಿನಲ್ಲಿ, ತಣ್ಣೀರಿನ ಆ ತೊಟ್ಟಿಯಲ್ಲಿ ಕೂತು ಮೈ ತೊಳೆದೇ ಹೊರಬೀಳಬೇಕು. ಗೋಣಿಯ ಪರದೆಯ ಹಿಂದೆ ಮೊದಲು ಹೆಂಗಸರು, ಆಮೇಲೆ ಗಂಡಸರು. ನೀರನ್ನು ಚೆಲ್ಲುವಂತಿಲ್ಲ, ಅದು ನೇರ ತಾಮ್ರದ ಹಂಡೆಗೆ ಹೋಗಿ, ಕುದ್ದು, ಆವಿಯಾಗಿ, ಅತ್ತರಾಗಿ ಸೀಸೆಗೆ ಇಳಿಯುತ್ತಿತ್ತು. ಹಾಳಾದ್ದು, ಆ ಅತ್ತರೇ ಎಲ್ಲಕ್ಕಿಂತ ಚೆನ್ನಾಗಿ ಖರ್ಚಾಗತೊಡಗಿತು. ಏನೋ ಒಂದು ಜೀವಂತಿಕೆ ಇದೆ ಎಂದು ದೊಡ್ಡವರೆಲ್ಲ ಹೊಗಳಿದರಂತೆ. ಅದರಲ್ಲಿ ಮೇಸ್ತ್ರಿಯ ತೊಡೆಯ ಹುಳುಕಡ್ಡಿಯೂ ಇತ್ತೆಂದು ನಮಗಷ್ಟೇ ಗೊತ್ತು.

ಅಲ್ಲಿಂದ ಶುರುವಾಯಿತು ಕಟ್ಟಪ್ಪಣೆ. ಸೋಪು ಹಚ್ಚಬಾರದು. ತಲೆಗೆ ಎಣ್ಣೆ ಇಡಬಾರದು. ಈರುಳ್ಳಿ, ಬೆಳ್ಳುಳ್ಳಿ ಮುಟ್ಟಲೇಬಾರದು, ಬೆವರು ಕೆಡುತ್ತದೆ. ಬೆಳಿಗ್ಗೆ ಬಾಯಿ ತಪಾಸಣೆ.

ಅಂದು ಮಧ್ಯಾಹ್ನ ಚೀಲಗಳ ಮರೆಯಲ್ಲಿ ಕೂತಾಗ ನಾನು ಅತ್ತೆಯ ಕೈ ಹಿಡಿದುಕೊಂಡೆ. "ಸ್ವಲ್ಪ ದಿನ ಬಿಟ್ಬಿಡಿ ಅತ್ತೆ. ಕಾಲಿಗೆ ಬೀಳ್ತೀನಿ."

"ಬಿದ್ರೆ ಹಾಗೇ ಮಂಡಿ ತಿಕ್ಕು," ಎಂದಳು ಮಹಾತಾಯಿ. "ಲೇ, ನಾನೊಬ್ಳು ತಿಂದ್ರೆ ಓಡಿಸ್ತಾನೆ. ಎಲ್ರೂ ತಿಂದ್ರೆ ಯಾರನ್ನ ಓಡಿಸ್ತಾನೆ?"

ಮರುದಿನ ಅವಳು ಮಡಿಲು ತುಂಬಾ ಬೆಳ್ಳುಳ್ಳಿ ತಂದು ಗೇಟಿನ ಹೊರಗೇ ಹಂಚಿದಳು. ಒರಳು ಕುಟ್ಟುವ ಕುಳ್ಳನಿಗೆ ಬೆಳ್ಳುಳ್ಳಿ ಕಂಡರಾಗದು. ಪಾಪ, ಮೂಗು ಹಿಡಿದುಕೊಂಡು ಔಷಧಿಯಂತೆ ನುಂಗಿದ. ತಪಾಸಣೆಗೆ ನಿಂತ ಮಾಲೀಕ ಬಾಯಿಂದ ಬಾಯಿಗೆ ಹೋಗುತ್ತಾ ಹೋಗುತ್ತಾ ವಾಕರಿಸತೊಡಗಿದ. ಎಲ್ಲರನ್ನೂ ಓಡಿಸಲು ಬಾಯೇನೋ ತೆರೆದ, ಆದರೆ ನಾಳೆ ಅತ್ತರು ಕೊಳ್ಳುವ ದೊಡ್ಡಮ್ಮಣ್ಣಿ ಬರುವವಳಿದ್ದಳು, ಸೀಸೆಗಳು ಖಾಲಿಯಿದ್ದವು. "ಹಲ್ಕಾ ಜಾತಿ!" ಎಂದು ಉಗಿದು, ಆ ಸಂಜೆಯ ನೀರನ್ನೇ ಮೂಗಿಗೆ ಬಟ್ಟೆ ಕಟ್ಟಿಕೊಂಡು ಕುದಿಸಿದ.

ದೊಡ್ಡಮ್ಮಣ್ಣಿ ಬಂದಳು. ಮಣಿಕಟ್ಟಿಗೆ ಒಂದು ಹನಿ ಹಾಕಿಕೊಂಡು ಕಣ್ಣು ಮುಚ್ಚಿದಳು. ಮಾಲೀಕನ ತುಟಿ ಒಣಗಿತ್ತು. ನಾವು ಹೆಚ್ಚುವುದನ್ನು ನಿಲ್ಲಿಸಿ ಕತ್ತು ಚಾಚಿದ್ದೆವು.

"ಅಬ್ಬಾ! ಏನ್ರೀ ಇದು?" ಎಂದಳು. "ಮಣ್ಣಿನ ಹಾಗಿದೆ, ಬೆಂಕಿ ಹಾಗಿದೆ... ಒಂಥರಾ ಸಿಟ್ಟಿನ ಹಾಗಿದೆ. ನನಗೆ ಇಂಥದ್ದೇ ಬೇಕು. ಇನ್ನೂ ಖಾರವಾಗಿ."

ಅವಳ ಕಾರು ತಿರುವಿನಲ್ಲಿ ಮರೆಯಾಗುವ ಮೊದಲೇ ಮಾಲೀಕ ಹಲ್ಲು ಕಿರಿಯುತ್ತಾ ಶೆಡ್ಡಿಗೆ ನುಗ್ಗಿದ. "ನಾಳೆಯಿಂದ ಎಲ್ರೂ ಒಂದೊಂದು ಇಡೀ ಗೆಡ್ಡೆ ಬೆಳ್ಳುಳ್ಳಿ ತಿನ್ಬೇಕು. ಬಾಯಿ ನಾರದವರು ಮನೆಗೆ. ತಂದ್ಕೊಳ್ಳೋದು ನಿಮ್ ನಿಮ್ ಖರ್ಚಲ್ಲೇ."

ಕುಳ್ಳ ಒರಳಿನ ಮೇಲೆ ಕೂತುಬಿಟ್ಟ. ನನಗೆ ನಗು ಬಂತು, ಅದರ ಹಿಂದೆಯೇ ಮೈಯೆಲ್ಲ ಉರಿಯಿತು. ಅತ್ತೆ ಬಾಯಲ್ಲಿದ್ದ ಎಸಳನ್ನು ಥೂ ಎಂದು ಉಗಿದಳು. ಎಷ್ಟೋ ವರ್ಷದಿಂದ ಅವಳು ಬೆಳ್ಳುಳ್ಳಿ ಉಗಿದದ್ದನ್ನು ನಾನು ನೋಡಿರಲಿಲ್ಲ.

"ತಿನ್ಬೇಡ ಅಂದ್ರೆ ತಿನ್ಬಾರ್ದು, ತಿನ್ನು ಅಂದ್ರೆ ತಿನ್ಬೇಕು. ಈ ಬೋಳಿಮಗನಿಗೆ ನಮ್ ಬಾಯಿ ಯಾವಾಗ ಬರ್ಕೊಟ್ವೇ?"

ಸೈರನ್ ಕೂಗಿತು. ಅತ್ತೆ ತೊಟ್ಟಿಯ ಕಡೆ ನೋಡಲೂ ಇಲ್ಲ. ಧೂಳು ಮೆತ್ತಿದ ಮೈಯಲ್ಲೇ, ಮಂಡಿ ಹಿಡಿದುಕೊಂಡು, ಗೇಟಿಗೆ ನಡೆದಳು. ಕಾವಲಿನವನು ಕೈ ಅಡ್ಡ ಹಾಕಿದ.

"ತೊಳಕೊಂಡು ಹೋಗಜ್ಜಿ. ಮೈಮೇಲೆ ಮಾಲಿದೆ."

"ಇದ್ರೆ ಬಾ, ನೀನೇ ಕೆರ್ಕೊಂಡು ತಗೋ."

ಕಾವಲಿನವನು ಅವಳನ್ನು ಮೇಲಿನಿಂದ ಕೆಳಗೆ ನೋಡಿ ಕೈ ಇಳಿಸಿದ. ನಾನೂ ಅವಳ ಹಿಂದೆ ನಡೆದೆ. ನನ್ನ ಹಿಂದೆ ಕುಳ್ಳ, ಅವನ ಹಿಂದೆ ಇಡೀ ಶೆಡ್ಡು. ಬೂದು ಬಣ್ಣದ ನಮ್ಮ ಸಾಲು ಬೀದಿಗಿಳಿದಾಗ ಅಂಗಡಿಯವರು ಎದ್ದು ನಿಂತು ಗಾಳಿ ಮೂಸಿದರು.

ಅಷ್ಟರಲ್ಲಿ ಮಳೆ ಶುರುವಾಯಿತು. ದಪ್ಪ ಹನಿಗಳು ಬಿದ್ದು ನಮ್ಮ ಮೈಯ ಧೂಳು ಇಳಿಯತೊಡಗಿತು. ಹಿಂದಿನಿಂದ ಯಾರೋ ಕಿರುಚಿದರು. ಮಾಲೀಕ ಬಿಂದಿಗೆ ಅವುಚಿಕೊಂಡು ಓಡಿ ಬರುತ್ತಿದ್ದ.

"ನಿಲ್ರೇ! ಯಾರೂ ಅಲ್ಲಾಡ್ಬೇಡಿ! ಸೋರಿ ಹೋಗ್ತಿದೆ!"

ಬೀದಿಯ ನಡುವೆ ಮೊಣಕಾಲೂರಿ ಅವನು ಅತ್ತೆಯ ಮೊಣಕೈ ಕೆಳಗೆ ಬಿಂದಿಗೆ ಹಿಡಿದ. ಅತ್ತೆ ಅವನನ್ನು ಕರುಣೆಯಿಂದ ಎಂಬಂತೆ ನೋಡಿದಳು. ಆಮೇಲೆ ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ, ಪಕ್ಕದ ಚರಂಡಿಯ ಮೇಲೆ ಹಿಡಿದು, ನಿಧಾನವಾಗಿ ಕೊನೆಯ ಹನಿಯವರೆಗೆ ಹಿಂಡಿದಳು. ನಾವೆಲ್ಲ ಸಾಲಾಗಿ ಹಿಂಡಿದೆವು.

ಮಾಲೀಕ ಬಿಂದಿಗೆ ಸಮೇತ ಚರಂಡಿಗಿಳಿದು ಮೊಗೆಯತೊಡಗಿದ. ನಾಳೆ ಗೇಟು ತೆರೆಯುತ್ತದೋ ಇಲ್ಲವೋ, ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮನೆಯ ಕಡೆ ಹೊರಟಾಗ ಕುಳ್ಳ ಕಾಣಲಿಲ್ಲ. ತಿರುಗಿ ನೋಡಿದೆ. ನೀರು ಹರಿದು ಬರುವ ಮೇಲ್ಗಡೆ, ಚರಂಡಿಯ ಅಂಚಿನಲ್ಲಿ, ಅವನು ನಮಗೆ ಬೆನ್ನು ಮಾಡಿ ಕಾಲಗಲಿಸಿ ನಿಂತಿದ್ದ.

"ಇದೂ ತಗೊಳ್ಳಲಿ," ಎಂದ. "ಬಿಟ್ಟಿ."