ಏಳು ಮನೆಗೆ ಒಂದೇ ಕೀಲಿ

ಬಂದ ಕಾಗದಕ್ಕೆ ಅಂದೇ ಉತ್ತರ ಬರೆಯುವುದು ನನ್ನ ರೂಢಿ. ಹೊಸಪೇಟೆಯ ಸಂಜೆ ಕ್ಲಾಸಿನಲ್ಲಿ ಮೊದಲು ಟೈಪಿಂಗ್, ಆಮೇಲೆ ಕಂಪ್ಯೂಟರ್ ಕಲಿತೆ. ಅಲ್ಲಿ ಕಲಿತದ್ದರಲ್ಲಿ ಎಷ್ಟು ನೆನಪಿದೆ ಎಂಬ ಅನುಮಾನ ನನಗೆ ಯಾವಾಗಲೂ ಇತ್ತು. ಹಾಗಾಗಿ ಈ ಒಂದು ರೂಢಿಯನ್ನಾದರೂ ಬಿಡದೆ ಹಿಡಿದುಕೊಂಡಿದ್ದೆ. ನನ್ನನ್ನು ಕೆಡಿಸಿದ್ದೂ ಅದೇ.

ಹಂಪಿ ಬಜಾರಿನ ಏಳು ಗೆಸ್ಟ್ ಹೌಸ್‌ಗಳ ಈ-ಮೇಲ್ ನೋಡುವುದು ನನ್ನ ಕೆಲಸ. ಮಾಲೀಕರಿಗೆ ಇಂಗ್ಲಿಷ್ ಓದಲು ಬಾರದು. ದಿನಾ ಬೆಳಿಗ್ಗೆ ಹೊಸಪೇಟೆಯಿಂದ ಬಸ್ಸು ಹತ್ತಿ, ಅದಿರಿನ ಲಾರಿಗಳ ಸಾಲು ದಾಟಿ, ಸೆರಗಿನ ಕೆಂಪು ಧೂಳು ಕೊಡವಿಕೊಂಡು ಓಬಳೇಶನ ನೆಟ್ ಅಂಗಡಿಯಲ್ಲಿ ಕೂರುತ್ತಿದ್ದೆ. ಬಂದ ಮೇಲ್ ಓದಿ, ಮನೆಮನೆಗೆ ಹೋಗಿ ಇಂಥವರು ಇಂಥ ದಿನ ಬರುತ್ತಾರಂತೆ, ರೂಮು ಉಂಟೇ ಎಂದು ಕೇಳಿ, ತಿರುಗಿ ಬಂದು ಉತ್ತರ ಟೈಪ್ ಮಾಡುತ್ತಿದ್ದೆ. ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದು. ಎಲ್ಲಿ ಮರೆತುಬಿಡುತ್ತೇನೋ ಎಂದು ಹೆದರಿ ಏಳೂ ಮನೆಗೆ ಒಂದೇ ಪಾಸ್‌ವರ್ಡ್ ಇಟ್ಟಿದ್ದೆ.

ಎರಡು ಸಾವಿರದ ಏಳರ ಅಕ್ಟೋಬರಿನಲ್ಲಿ, ಸೀಸನ್ ಶುರುವಾಗುವ ಹೊತ್ತಿಗೆ, ಮೇಲ್ ಕಂಪನಿಯ ಹೆಸರಿನಲ್ಲಿ ಒಂದು ಈ-ಮೇಲ್ ಕಾಗದ ಬಂತು. ಇಪ್ಪತ್ತನಾಲ್ಕು ಗಂಟೆಯೊಳಗೆ ಹೆಸರು, ಪಾಸ್‌ವರ್ಡ್ ತಿಳಿಸದಿದ್ದರೆ ಖಾತೆ ಮುಚ್ಚಲಾಗುವುದು ಎಂದಿತ್ತು. ಚಳಿಗಾಲದ ಬುಕಿಂಗ್ ಎಲ್ಲ ಅದರೊಳಗೇ ಇತ್ತು. ಕಾಗದ ಬಂದದ್ದು ಒಂದು ಮನೆಗೆ. ಉಳಿದ ಆರಕ್ಕೂ ನಾಳೆ ಬರಬಹುದೆಂದು ಏಳರ ಹೆಸರನ್ನೂ ಬರೆದು, ಕೆಳಗೆ ಪಾಸ್‌ವರ್ಡ್ ಬರೆದು, ತಮ್ಮ ವಿಶ್ವಾಸಿ ಎಂದು ಮುಗಿಸಿ ಕಳಿಸಿದೆ. ಕರೆಂಟು ಹೋಗುವ ಮೊದಲೇ ಮುಗಿಯಿತಲ್ಲ ಎಂದು ಸಮಾಧಾನವೂ ಆಯಿತು.

ಎಂಟನೆಯ ದಿನ ನಾನು ಬಸ್ಸಿಳಿಯುವಷ್ಟರಲ್ಲಿ ಏಳರಲ್ಲಿ ಒಂದು ಗೆಸ್ಟ್ ಹೌಸಿನ ಒಡತಿ ಕೊಟ್ರಮ್ಮ ಬಾಗಿಲಲ್ಲೇ ನಿಂತು ಕೂಗಿದಳು. ಕೈತುಂಬ ಕಡಲೆಹಿಟ್ಟು.

"ಲೇ ಅನಸೂಯಾ, ಜಲ್ದಿ ಬಾರವ್ವ! ಫೋನ್‌ನ್ಯಾಗ ಯಾರೋ ಬಿಳಿಯಮ್ಮ ಅಳಾಕತ್ಯಾಳ. ನಾ ಹಾಟ್ ವಾಟರ್ ಎಸ್, ರೂಮ್ ಎಸ್ ಅಂದೆ. ಇನ್ನೂ ಜಾಸ್ತಿ ಅತ್ಲು."

ಫೋನಿನಲ್ಲಿದ್ದವಳು ನಾಲ್ಕು ಚಳಿಗಾಲದಿಂದ ಬರುತ್ತಿದ್ದ ಮಾರ್ಥಾ. ಅವಳು ಅಳುತ್ತಲೇ, ಕೊಟ್ರಮ್ಮ ಯಾವ ಆಸ್ಪತ್ರೆಯಲ್ಲಿದ್ದಾಳೆ ಎಂದು ಕೇಳಿದಳು. ಕೊಟ್ರಮ್ಮನಿಗೆ ಆಪರೇಷನ್ ಆಗಬೇಕು, ಈ ಖಾತೆಗೆ ಕೂಡಲೇ ದುಡ್ಡು ಕಳಿಸಿ ಎಂದು ಅವಳಿಗೆ ಮೇಲ್ ಬಂದಿತ್ತು, ಕೊಟ್ರಮ್ಮನ ವಿಳಾಸದಿಂದಲೇ. ಕೊಟ್ರಮ್ಮ ನನ್ನ ಪಕ್ಕದಲ್ಲೇ ಗಟ್ಟಿಯಾಗಿ ನಿಂತಿದ್ದಾಳೆ, ದುಡ್ಡು ಕಳಿಸಬೇಡಿ ಎಂದು ಹೇಳಿ ಫೋನಿಟ್ಟು ನೆಟ್ ಅಂಗಡಿಗೆ ಓಡಿದೆ.

ಕೊಟ್ರಮ್ಮನ ಮೇಲ್ ತೆರೆಯಲಿಲ್ಲ. ಉಳಿದ ಆರೂ ತೆರೆಯಲಿಲ್ಲ. ಯಾರೋ ಪಾಸ್‌ವರ್ಡ್ ಬದಲಿಸಿದ್ದರು.

"ಯಾರಿಗರ ಹೇಳಿದ್ದೇನು?" ಎಂದ ಓಬಳೇಶ.

"ಕಂಪನಿಯವ್ರು ಕೇಳಿದ್ರು, ಅದಕ್ಕ..."

"ಕೀಲಿ ಮಾಡಿದಂವ ಬಂದು ನಿನ್ ಮನಿ ಕೀಲಿ ಕೊಡು ಅಂತಾನೇನವ್ವ? ಕೇಳಿದಂವ ಕಳ್ಳ." ನನ್ನ ಮುಖ ನೋಡಿ ಅವನ ದನಿ ಇಳಿಯಿತು. "ಹೋಗ್ಲಿ ಬಿಡಕ್ಕ. ಹ್ಯಾಕ್ ಆಗೇತಿ ಅಂದ್ಬಿಡು. ನೀನ ಕೊಟ್ಟಿ ಅಂತ ಯಾರಿಗ್ ಗೊತ್ತಾಗ್ತೈತಿ?"

ಯಾರಿಗೂ ಗೊತ್ತಾಗುತ್ತಿರಲಿಲ್ಲ, ನಿಜ. ಸಂಡೂರಿನ ಕಡೆ ಅದಿರು ತೂಗುವ ಆಫೀಸಿನಲ್ಲಿ ಕಂಪ್ಯೂಟರ್ ಕೆಲಸ ಖಾಲಿ ಇದೆ ಎಂದು ಅಣ್ಣ ಹುಲುಗೇಶ ಒಂದು ತಿಂಗಳಿಂದ ಹೇಳುತ್ತಿದ್ದ. ಮರುದಿನವೇ ಅಲ್ಲಿಗೆ ಹೋಗಬಹುದಿತ್ತು. ಆದರೆ ಕಳ್ಳ ಹೇಗೆ ಒಳಗೆ ಬಂದ ಎಂದು ಹೇಳದೆ ಹೋದರೆ, ನನ್ನ ಜಾಗಕ್ಕೆ ಬರುವವರೂ ಇಂಥದೇ ಕಾಗದಕ್ಕೆ ಇದೇ ಉತ್ತರ ಕೊಡುತ್ತಾರೆ. ಅಷ್ಟರಲ್ಲಿ ಎಷ್ಟು ಜನ ದುಡ್ಡು ಕಳಿಸುತ್ತಾರೋ. ಒಂದು ಸಲ ಮೋಸಹೋದವರು ಹಂಪಿಗೆ ಬಂದರೂ ಈ ಏಳು ಬಾಗಿಲು ತಟ್ಟಲಾರರು. ಈ ಮನೆಯವರಿಗೆ ಇಡೀ ವರ್ಷದ ಊಟ ಸೀಸನ್ನಿನ ನಾಲ್ಕು ತಿಂಗಳಲ್ಲೇ ಆಗಬೇಕು.

ಏಳೂ ಮನೆಯವರನ್ನು ಕೊಟ್ರಮ್ಮನ ಕಟ್ಟೆಗೆ ಕರೆಸಿದೆ. ನಿಂತುಕೊಂಡೇ ನಡೆದದ್ದೆಲ್ಲ ಹೇಳಿದೆ. "ಕೀಲಿ ಕೊಟ್ಟಾಕಿ ನಾನ ರೀ. ನಿಮ್ ತಪ್ಪು ಏನಿಲ್ಲ."

ಪಕ್ಕದ ಗೆಸ್ಟ್ ಹೌಸಿನ ಗಾದಿಲಿಂಗಪ್ಪ ಎಲೆ ಅಡಿಕೆ ಉಗುಳಿ ಬಂದ.

"ಕ್ಲಾಸಿಗೆ ಹೋಗಿ ಸರ್ಟಿಫಿಕೇಟ್ ತಗೊಂಡೀನಿ ಅಂತಿದ್ದೆಲ್ಲ, ಅಲ್ಲಿ ಇದನ್ನ ಕಲಿಸ್ಲಿಲ್ಲೇನು?"

"ಇಲ್ರಿ. ಕಲಿಸ್ಲಿಲ್ಲ."

"ಫೀಜು ವಾಪಸ್ ಕೇಳು."

ಯಾರೋ ನಕ್ಕರು. ನನಗೆ ನಗು ಬರಲಿಲ್ಲ, ಆದರೆ ಉಸಿರು ಬಂತು.

ಗಿರಾಕಿಗಳಿಗೆ ಎಚ್ಚರಿಕೆ ಬರೆಯಬೇಕು, ಆದರೆ ವಿಳಾಸಗಳೆಲ್ಲ ಕಳ್ಳನ ಕೈಯಲ್ಲಿ. ಆಗ ನೆನಪಾದದ್ದು ಗೆಸ್ಟ್ ಬುಕ್ಕು. ಪ್ರತಿ ಮನೆಯಲ್ಲೂ ಒಂದು ಉದ್ದನೆಯ ನೋಟ್‌ಬುಕ್ ಇರುತ್ತದೆ. ಹೊರಡುವವರು ಅದರಲ್ಲಿ ನಾಲ್ಕು ಒಳ್ಳೆಯ ಮಾತು, ತಮ್ಮ ಹೆಸರು, ಈ-ಮೇಲ್ ಬರೆದು ಹೋಗುತ್ತಾರೆ. ಏಳು ಬುಕ್ಕು ತರಿಸಿದೆ. ಏಳು ಹೊಸ ಖಾತೆ ತೆರೆದೆ. ಕೊಟ್ರಮ್ಮ ಕೈ ತೊಳೆದು ನನ್ನ ಪಕ್ಕ ಬಂದು ಕೂತಳು.

ಮೊದಲ ಕಾಗದ ಓದಿ ಹೇಳಿದೆ. ಹಳೆಯ ವಿಳಾಸ ಕಳುವಾಗಿದೆ, ನಾವು ಮೇಲ್‌ನಲ್ಲಿ ಎಂದೂ ದುಡ್ಡು ಕೇಳುವುದಿಲ್ಲ, ಅನುಮಾನವಿದ್ದರೆ ಫೋನ್ ಮಾಡಿ.

ಕೊಟ್ರಮ್ಮ ತಲೆಯಾಡಿಸಲಿಲ್ಲ. "ಆ ಕಳ್ಳನೂ ನಿನ್ನಂಗ ಇಂಗ್ಲಿಷ್ ಬರೀತಾನ. ಇದು ನನ್ ಕಾಗದ ಅಂತ ಅವ್ರಿಗೆ ಹೆಂಗ್ ಗೊತ್ತಾಗ್ಬೇಕು?"

ಹೊಸ ವಿಳಾಸದಿಂದ ಹೋಗುವ ನನ್ನ ಕಾಗದವೇ ಹೆಚ್ಚು ಕಳ್ಳನದರಂತೆ ಕಾಣುತ್ತಿತ್ತು.

"ಯಾರಿಗಿದು?" ಎಂದಳು ಅವಳೇ.

"ಪೀಟರ್ ಅಂತ. ಜರ್ಮನಿ. ಹೋದ ಜನವರಿ."

"ಉದ್ದಕ್ಕಿದ್ದ, ಚಷ್ಮಾದಂವ! ಮೆಣಸಿನಕಾಯಿ ಬಜ್ಜಿ ತಿಂದು ನೀರಿನ ಕೊಡಕ್ಕ ಬಾಯಿ ಹಚ್ಚಿದ್ನಲ್ಲ. ಅದನ್ನ ಬರಿ. ಕಳ್ಳಗೇನ್ ಗೊತ್ತು ಆ ಕೊಡ?"

ಬರೆದೆ. ಮುಂದಿನ ಹೆಸರು ಓದಿದೆ. ಇವಳು ಹಗ್ಗದ ಮೇಲೆ ಒಣಗಿಸಿದ ಅಂಗಿಯನ್ನು ಕೋತಿ ಒಯ್ದಿತ್ತು. ಇವನು ಮೂರು ದಿನ ಜ್ವರ ಬಂದು ಗಂಜಿ ಕುಡಿದಿದ್ದ. ಇವರಿಬ್ಬರೂ ಜಗಳವಾಡಿ ಬೇರೆ ಬೇರೆ ರೂಮು ಕೇಳಿದ್ದರು. "ಅದನ್ನ ಬರೀಬ್ಯಾಡ," ಎಂದಳು ಕೊಟ್ರಮ್ಮ, "ಬಾಳೆ ತೋಟಕ್ಕ ಹೋಗಿ ದಾರಿ ತಪ್ಪಿದ್ದು ಬರಿ." ಏನೂ ನೆನಪಾಗದ ಹೆಸರು ಬಂದರೆ ಅವಳು ಕಣ್ಣು ಮುಚ್ಚಿ ಕೂರುತ್ತಿದ್ದಳು. ಆದರೂ ಕೆಲವರು ನೆನಪಾಗಲೇ ಇಲ್ಲ. ಅವರಿಗೆ ಮನೆಯ ಬಾಗಿಲ ಬಣ್ಣ, ಹಿತ್ತಲ ಎಮ್ಮೆಯ ಮುರಿದ ಕೊಂಬು ಬರೆದೆವು.

ಸರದಿಯಂತೆ ಏಳೂ ಮನೆಯವರು ಬಂದು ಕೂತರು. ಮೂರು ದಿನ ಹಿಡಿಯಿತು. ಕರೆಂಟು ಹೋದಾಗ ಓಬಳೇಶ ಜನರೇಟರ್ ಹಚ್ಚಿದ, ಡೀಸೆಲ್ ಬಗ್ಗೆ ಗೊಣಗಿದ, ಆದರೆ ಆರಿಸಲಿಲ್ಲ. ಮೇಲ್ ಕಂಪನಿಗೂ ಬರೆದೆ. ಪೊಲೀಸರಿಗೂ ಒಂದು ಅರ್ಜಿ ಕೊಟ್ಟೆವು.

ನಾಲ್ಕನೆಯ ದಿನ ಪೀಟರ್ ಬರೆದಿದ್ದ. ದುಡ್ಡು ಕಳಿಸಲು ಬ್ಯಾಂಕಿಗೆ ಹೊರಟಿದ್ದನಂತೆ, ನೀರಿನ ಕೊಡದ ಮಾತು ಓದಿ ನಿಂತನಂತೆ. ಹಾಗೆ ನಿಂತವರು ಹಲವರು. ಇಬ್ಬರು ಆಗಲೇ ದುಡ್ಡು ಕಳಿಸಿಬಿಟ್ಟಿದ್ದರು, ಇಬ್ಬರೂ ಗಾದಿಲಿಂಗಪ್ಪನ ಗಿರಾಕಿಗಳು. ಆ ಎರಡು ಮೇಲ್ ಅವನಿಗೆ ಓದಿ ಹೇಳಿದೆ. ಅವರು ಕಳೆದುಕೊಂಡ ದುಡ್ಡನ್ನು ನನ್ನ ಕೂಲಿಯಲ್ಲಿ ಮುರಿದುಕೊಳ್ಳಿ ಎಂದೆ.

"ನಿನ್ ಕೂಲಿ ನಿನ್ ಬಸ್ಸಿಗೇ ಸಾಲಂಗಿಲ್ಲ," ಎಂದ ಅವನು. ಬಹಳ ಹೊತ್ತು ಬುಕ್ಕಿನ ಪುಟ ಮಗುಚಿದ. "ಅವರಿಬ್ರಿಗೂ ಬರ್ರಿ ಅಂತ ಬರಿ. ಈ ಸಲ ರೂಮಿನ ಬಾಡಿಗಿ ಬ್ಯಾಡ. ಊಟಕ್ ಮಾತ್ರ ಕೊಡ್ಬೇಕು ಮತ್ತ!"

ಒಂದು ಕೆಲಸ ಬಾಕಿ ಇತ್ತು. ಏಳು ಖಾತೆಗೆ ಏಳು ಪಾಸ್‌ವರ್ಡ್, ಅವರವರದು ಅವರವರೇ ಇಡಬೇಕು, ತಾವೇ ಒತ್ತಬೇಕು, ಯಾರು ಕೇಳಿದರೂ ಹೇಳಬಾರದು ಎಂದೆ. ನಮಗೆ ಬರಂಗಿಲ್ಲವ್ವ, ನೀನೇ ಇಟ್ಕೋ ಎಂದರು ಎಲ್ಲರೂ. ನಾನು ಒಪ್ಪಲಿಲ್ಲ. ಒಂದು ವಾರ ದಿನಾ ಒಬ್ಬೊಬ್ಬರನ್ನೇ ಕೂರಿಸಿ ಕೀಲಿಮಣೆಯ ಮೇಲೆ ಬೆರಳು ಆಡಿಸಿದೆ. ಗಾದಿಲಿಂಗಪ್ಪ ಎರಡು ಸಲ ಎದ್ದು ಹೋದ, ಎರಡು ಸಲವೂ ಕರೆತಂದೆ.

ಕೊಟ್ರಮ್ಮ ಕೊನೆಯವಳು. ಒಂದೇ ಬೆರಳಲ್ಲಿ ಒಂದು ಅಕ್ಷರ ಒತ್ತಿ ನಿಲ್ಲಿಸಿದಳು. ನಾನು ಪರದೆಯನ್ನೇ ನೋಡುತ್ತಿದ್ದೆ.

"ಲೇ, ಯಾರಿಗೂ ತೋರಿಸಬ್ಯಾಡ ಅಂದಾಕಿ ನೀನ ಅಲ್ಲೇನು? ಮಖ ಆಕಡಿ ಮಾಡು."

ನಾನು ಗೋಡೆಯ ಕಡೆ ತಿರುಗಿ ಕೂತೆ. ಹಿಂದಿನಿಂದ ಕೀಲಿಗಳ ಸದ್ದು ಒಂದೊಂದೇ ಬರುತ್ತಿತ್ತು, ನಿಧಾನವಾಗಿ.